ಜತನವಿಲ್ಲದ ಅಹಿಂಸೆ

ಕಳೆದ ಭಾದ್ರಪದದ ದಶಲಕ್ಷಣ ಪರ್ವದಲ್ಲಿ, ಉತ್ತಮ ಸಂಯಮ ಧರ್ಮದ ದಿನ, ಹೊಸ ತಿಪ್ಪಸಂದ್ರದ ನಮ್ಮ ಶ್ರಾವಕರೊಬ್ಬರ ಮನೆಯಲ್ಲಿ ಸ್ವಾಧ್ಯಾಯ ಗೋಷ್ಠಿ ನಡೆಯಿತು. ಪ್ರವಚನ ಮುಗಿದ ಮೇಲೆ ವಿದ್ಯಾವಂತ ಯುವಕರೊಬ್ಬರು ಎದ್ದು ನಿಂತು ಒಂದು ಸೂಚನೆಯನ್ನು ಮುಂದಿಟ್ಟರು. ಉಣ್ಣೆಯು ಪ್ರಾಣಿಜನ್ಯ, ಆದುದರಿಂದ ಅದು ಹಿಂಸಾಮೂಲ. ಚಾತುರ್ಮಾಸ ಮುಗಿಯುವುದರೊಳಗೆ ಪ್ರತಿಯೊಂದು ಜೈನ ಕುಟುಂಬವೂ ತನ್ನಲ್ಲಿರುವ ಉಣ್ಣೆಯ ಸ್ವೆಟರು, ಶಾಲು, ಕಂಬಳಿಗಳನ್ನು ಹೊರಹಾಕಿ, ಅವುಗಳ ಸ್ಥಾನದಲ್ಲಿ ಅಕ್ರಿಲಿಕ್ ನೂಲಿನ ಉಡುಪುಗಳನ್ನು ಕೊಳ್ಳುವ ನಿಯಮ ಸ್ವೀಕರಿಸಬೇಕು ಎಂಬುದು ಆ ಸೂಚನೆ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿದ್ದ ವೃದ್ಧ ತಾಯಿಯೊಬ್ಬರು ಮಾತ್ರ, "ನಮ್ಮ ಯಜಮಾನರು ಎಚ್.ಎ.ಎಲ್.ಗೆ ಸೇರಿದ ವರ್ಷ ಕೊಂಡ ಸ್ವೆಟರು ಇನ್ನೂ ನನ್ನ ಹತ್ತಿರ ಇದೆಯಪ್ಪಾ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಅದನ್ನೂ ಎಸೆಯಬೇಕೆ?" ಎಂದು ಕೇಳಿದರು. "ಎಸೆಯಲೇಬೇಕು ಅಮ್ಮಾ, ಹಿಂಸೆಯಲ್ಲಿ ಹಳೆಯದು, ಹೊಸದು ಎಂದಿಲ್ಲ" ಎಂಬ ಉತ್ತರ ಬಂದಿತು. ಆ ತಾಯಿ ಸುಮ್ಮನಾದರು.

ನಾನೂ ಸುಮ್ಮನಿದ್ದೆ. ಮೂವತ್ತೈದು ವರ್ಷಗಳಿಗೂ ಮೇಲ್ಪಟ್ಟು ಬಟ್ಟೆಯ ವ್ಯಾಪಾರ ಮಾಡಿಕೊಂಡು ಬಂದವನು ಉಣ್ಣೆಯ ಪರವಾಗಿ ಬಾಯಿ ತೆರೆದರೆ ಅಂಗಡಿಯ ಪರವಾಗಿ ಮಾತನಾಡಿದಂತೆ ಕೇಳಿಸೀತು ಎಂಬ ಸಂಕೋಚ ನನ್ನದಾಗಿತ್ತು. ಆದರೆ ಆ ಸಂಕೋಚವೂ ಒಂದು ಬಗೆಯ ಪ್ರಮಾದವೇ ಎಂದು ಈಗ ಅನಿಸುತ್ತಿದೆ. ಆ ದಿನ ಕೊಟ್ಟ ಉತ್ತರ ತಪ್ಪು. ಅದಕ್ಕೆ ಬಿದ್ದ ಚಪ್ಪಾಳೆ ಇನ್ನೂ ದೊಡ್ಡ ತಪ್ಪು. ಏಕೆ ತಪ್ಪೆಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಸಿದ್ಧಾಂತವನ್ನೇ ನೋಡೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣವನ್ನಷ್ಟೇ ಹೇಳಿ ನಿಲ್ಲಿಸಲಿಲ್ಲ. ಪ್ರಮಾದದಿಂದ ಕೂಡಿದ ಯೋಗದ ಮೂಲಕ ಆಗುವ ಪ್ರಾಣಹರಣ ಹಿಂಸೆ ಎಂದರು. ಕುಂದಕುಂದಾಚಾರ್ಯರ ಪ್ರವಚನಸಾರದ ಅಭಿಪ್ರಾಯವೂ ಇದೇ: ಜೀವವು ಸಾಯಲಿ ಬದುಕಲಿ, ಎಚ್ಚರವಿಲ್ಲದ ಆಚಾರವುಳ್ಳವನಿಗೆ ಹಿಂಸೆ ನಿಶ್ಚಿತ, ಯತ್ನಪೂರ್ವಕವಾಗಿ ನಡೆಯುವವನಿಗೆ ಕೇವಲ ಬಾಹ್ಯ ಹಿಂಸೆಯಿಂದ ಬಂಧವಿಲ್ಲ. ಈ 'ಯತ್ನ' ಶಬ್ದವೇ ನಮ್ಮ ಆಡುಮಾತಿನಲ್ಲಿ 'ಜತನ'ವಾಗಿದೆ. ಒಂದು ವಸ್ತುವನ್ನು ಜತನವಾಗಿಟ್ಟುಕೋ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದಾಗ ಅವರು ಅರಿತೋ ಅರಿಯದೆಯೋ ಶಾಸ್ತ್ರದ ಮಾತನ್ನೇ ಆಡುತ್ತಿದ್ದರು. ಹಾಗಿರುವಾಗ, ವಸ್ತುವಿನ ಹೆಸರನ್ನು ನೋಡಿ 'ಇದು ಹಿಂಸೆ, ಇದು ಅಹಿಂಸೆ' ಎಂದು ಪಟ್ಟಿ ಮಾಡಿ, ಪಟ್ಟಿಯ ಬಲಭಾಗದಿಂದ ಎಷ್ಟು ಬೇಕಾದರೂ ಕೊಳ್ಳಬಹುದು ಎಂಬ ವಾದ ಜೈನ ವಾದವಲ್ಲ. ಅದು ಪೇಟೆಯ ವಾದ.

ಯುವಕರ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. ಸತ್ಯವಿದೆ; ಅದು ಅವರು ಹೇಳಿದುದಕ್ಕಿಂತ ಕಠೋರವಾದ ಸತ್ಯ. ಇಂದು ನಯವಾದ ಸ್ವೆಟರುಗಳಿಗೆ ಬಳಸುವ ಮೆರಿನೊ ಉಣ್ಣೆಯಲ್ಲಿ ಬಹುದೊಡ್ಡ ಪಾಲು ಆಸ್ಟ್ರೇಲಿಯಾದ್ದು. ಹೆಚ್ಚು ಉಣ್ಣೆ ದೊರೆಯಲೆಂದು ಅಲ್ಲಿ ಮೈತುಂಬ ಚರ್ಮ ಸುಕ್ಕುಗಟ್ಟಿದ ಕುರಿಗಳನ್ನು ಬೆಳೆಸಿದರು. ಸುಕ್ಕುಗಳಲ್ಲಿ ತೇವ ನಿಂತು, ನೊಣಗಳು ಮೊಟ್ಟೆಯಿಟ್ಟು, ಜೀವಂತ ಕುರಿಯ ಮೈಯಲ್ಲಿ ಹುಳು ಬೀಳತೊಡಗಿತು. ಅದನ್ನು ತಡೆಯಲು ಮರಿಗಳ ಬಾಲದ ಸುತ್ತಲಿನ ಚರ್ಮವನ್ನೇ ಪಟ್ಟಿಯಾಗಿ ಕತ್ತರಿಸಿ ತೆಗೆಯುವ ಪದ್ಧತಿ ಬಂದಿತು. ಅದರ ಹೆಸರು ಮ್ಯೂಲ್ಸಿಂಗ್. ಲೋಭದಿಂದ ಹುಟ್ಟಿದ ರೋಗಕ್ಕೆ ಕ್ರೌರ್ಯದ ಔಷಧ! ನ್ಯೂಜಿಲೆಂಡ್ ದೇಶ 2018ರ ಅಕ್ಟೋಬರ್ 1ರಿಂದ ಇದನ್ನು ಕಾನೂನಿನಿಂದ ನಿಷೇಧಿಸಿದೆ. ಆಸ್ಟ್ರೇಲಿಯಾ ಇಡೀ ದೇಶಕ್ಕೆ ಅನ್ವಯಿಸುವಂತೆ ನಿಷೇಧಿಸಿಲ್ಲ. ಇದಲ್ಲದೆ ಉಣ್ಣೆ ಕೊಡುವ ಕುರಿಯ ಕೊನೆಯ ದಾರಿ ಬಹುತೇಕ ಎಲ್ಲ ದೇಶಗಳಲ್ಲೂ ಕಸಾಯಿಖಾನೆಗೇ ಹೋಗುತ್ತದೆ. ಉಣ್ಣೆಯನ್ನು ಕೈಯಲ್ಲಿ ಹಿಡಿದ ಶ್ರಾವಕನು ಇದನ್ನು ಮರೆತು 'ಕೂದಲು ತಾನೇ, ಮತ್ತೆ ಬೆಳೆಯುತ್ತದೆ' ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಆದರೆ ಪರಿಹಾರವೆಂದು ಸೂಚಿಸಿದ ಅಕ್ರಿಲಿಕ್ ಏನು? ಅದು ಪೆಟ್ರೋಲಿಯಂನಿಂದ ಬಂದ ರಾಸಾಯನಿಕಗಳ ನೂಲು. ಒಗೆದಾಗಲೆಲ್ಲ ಅದರ ಎಳೆಗಳು ಮುರಿದು ನೀರಿಗೆ ಬೀಳುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆರು ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಯಂತ್ರದಲ್ಲಿ ಒಂದು ಸಲ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ಹೊರಬೀಳಬಹುದು. ಕಣ್ಣಿಗೆ ಕಾಣದ ಆ ಎಳೆಗಳು ಕೊಳೆಯುವುದಿಲ್ಲ. ಜಲಚರಗಳ ಹೊಟ್ಟೆ ಸೇರುತ್ತವೆ. ನಮ್ಮ ಪೂರ್ವ ಬೆಂಗಳೂರಿನ ಚರಂಡಿಗಳ ನೀರು ಕೊನೆಗೆ ಎಲ್ಲಿ ಸೇರುತ್ತದೆಂಬುದನ್ನು ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ನೀರಿಗೇ ಬಿಡಬೇಕೆಂದು ವಿಧಿಸಿದ ಧರ್ಮ ನಮ್ಮದು. ಅಂಥವರು ಅಹಿಂಸೆಯ ಹೆಸರಿನಲ್ಲಿಯೇ ಅದೇ ನೀರಿಗೆ ಲಕ್ಷಗಟ್ಟಲೆ ಎಳೆಗಳನ್ನು ಸುರಿಯುವ ನಿಯಮ ತೆಗೆದುಕೊಳ್ಳಬೇಕೆ?

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಅಗ್ಗದ ಅಕ್ರಿಲಿಕ್ ಸ್ವೆಟರು ಎರಡು ಚಳಿಗಾಲಗಳಲ್ಲಿ ಮೈಯೆಲ್ಲ ನೂಲಿನ ಉಂಡೆ ಕಟ್ಟಿ, ತೋಳು ಜೋತುಬಿದ್ದು, ಕಸಕ್ಕೆ ಹೋಗುತ್ತದೆ. ಬೆಲೆ ಕಡಿಮೆಯಾದ್ದರಿಂದ ಯಾರೂ ಮರುಗುವುದಿಲ್ಲ, ಇನ್ನೊಂದು ಕೊಳ್ಳುತ್ತಾರೆ. ನಮ್ಮ ಸಭೆ ಸಮಾರಂಭಗಳಲ್ಲಿ ಹೊದಿಸುವ ಸನ್ಮಾನದ ಶಾಲುಗಳನ್ನೇ ನೋಡಿರಿ. ಹಿರಿಯ ಶ್ರಾವಕರ ಮನೆಯ ಬೀರುಗಳಲ್ಲಿ ಇಂಥ ಶಾಲುಗಳು ಇಪ್ಪತ್ತು, ಮೂವತ್ತರಂತೆ ಅಡಕಿಕೊಂಡಿವೆ. ಹೊದೆಯಲು ಬಾರದು, ಬಿಸಾಡಲು ಮನಸ್ಸಿಲ್ಲ. ಪರಿಗ್ರಹ ಪರಿಮಾಣ ವ್ರತದಲ್ಲಿ 'ಕುಪ್ಯ' ಎಂಬುದೊಂದು ಬಾಬು ಉಂಟು. ನಮ್ಮ ಕರ್ನಾಟಕದವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ನಾರುಬಟ್ಟೆ, ಹತ್ತಿ, ರೇಷ್ಮೆ, ಗಂಧ ಮೊದಲಾದವು ಎಂದು ಅರ್ಥ ಹೇಳಿದ್ದಾರೆ. ಹೊಲ, ಚಿನ್ನಗಳಿಗೆ ಮಿತಿ ಹಾಕಿಕೊಳ್ಳುವಂತೆಯೇ ಬಟ್ಟೆಗೂ ಮಿತಿ ಹಾಕಿಕೊಳ್ಳಬೇಕು, ಮೀರಿದರೆ ಅತಿಚಾರ. ಸೂತ್ರಕಾರರು ನೂಲಿನ ಜಾತಿಯನ್ನು ಕೇಳುವುದಕ್ಕೆ ಮೊದಲು ಎಣಿಕೆಯನ್ನು ಕೇಳಿದರು ಎಂಬುದನ್ನು ನಾವು ಗಮನಿಸಬೇಕು.

ಈಗ ನನ್ನ ತಪ್ಪೊಂದನ್ನು ಹೇಳಿಕೊಳ್ಳದೆ ಮುಂದುವರಿಯುವ ಅಧಿಕಾರ ನನಗಿಲ್ಲ. 1998ರ ಕಾರ್ತಿಕದಲ್ಲಿ ಉತ್ತರದ ಕಡೆಯ ಸಗಟು ವರ್ತಕರೊಬ್ಬರು 'ಶುದ್ಧ ಪಶ್ಮಿನಾ' ಎಂಬ ಚೀಟಿ ಹೊಲಿದ ನಲವತ್ತು ಶಾಲುಗಳನ್ನು ನನ್ನ ಅಂಗಡಿಗೆ ತಂದರು. ಬೆಲೆ ಕೇಳಿದ ಕೂಡಲೇ ನನ್ನ ಮನಸ್ಸಿಗೆ ತಿಳಿದಿತ್ತು, ಆ ಬೆಲೆಗೆ ಪಶ್ಮಿನಾ ಬರಲಾರದು. ಆದರೂ ಕೊಂಡೆ, ಚೀಟಿಯನ್ನು ಓದಿ ಹೇಳಿ ಮಾರಿದೆ. ಒಂದು ತಿಂಗಳಾದ ಮೇಲೆ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಬಂದು, ಮಾತನಾಡದೆ ಶಾಲಿನ ಅಂಚಿನ ಒಂದು ಎಳೆಯನ್ನು ಎಳೆದು ನನ್ನ ಮುಂದೆಯೇ ದೀಪಕ್ಕೆ ಹಿಡಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗಬೇಕು. ಅದು ಕರಗಿ ಕಪ್ಪು ಮಣಿಯಾಯಿತು. "ನಿಮಗೆ ಗೊತ್ತಿರಲಿಲ್ಲವೆ?" ಎಂದಷ್ಟೇ ಕೇಳಿದರು. ಬಂದವರಿಗೆಲ್ಲ ಹಣ ಹಿಂತಿರುಗಿಸಿದೆ. ಬಾರದವರ ಮೊತ್ತವನ್ನು ಲೆಕ್ಕ ಹಾಕಿ ದಾನಕ್ಕೆ ಕೊಟ್ಟೆ. ಜಮಾ-ಖರ್ಚು ಸರಿಹೋಯಿತು. ಆ ಪ್ರಶ್ನೆ ಮಾತ್ರ ಇಂದಿಗೂ ಬಾಕಿ ಕಲಂನಲ್ಲಿಯೇ ನಿಂತಿದೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳದೆ ಇದ್ದೆ.

ಈ 'ಕೇಳದೆ ಇರುವುದು' ವ್ಯಾಪಾರಿಯ ಹಳೆಯ ರೋಗ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ವಿವರಿಸುತ್ತಾ, ದಂತವಾಣಿಜ್ಯದ ಕೆಳಗೆ ದಂತವನ್ನಷ್ಟೇ ಅಲ್ಲ, ಕೂದಲು, ಉಗುರು, ಮೂಳೆ, ಚರ್ಮ, ರೋಮಗಳನ್ನೂ ಸೇರಿಸಿದ್ದಾರೆ. ಅವುಗಳನ್ನು ಆಕರದಲ್ಲಿ, ಅಂದರೆ ಹುಟ್ಟುವ ಸ್ಥಳದಲ್ಲಿಯೇ, ವ್ಯಾಪಾರಕ್ಕಾಗಿ ಕೊಳ್ಳುವುದು ದೋಷ. ಕಾರಣ ಸ್ಪಷ್ಟವಾಗಿದೆ: ವರ್ತಕನು ಮುಂಗಡ ಹಣ ಕೊಟ್ಟನೆಂದರೆ ಬೇಡನು ಆ ಹಣಕ್ಕಾಗಿಯೇ ಆನೆಯನ್ನು ಕೊಲ್ಲುತ್ತಾನೆ. ಇದರಿಂದ ನಮ್ಮ ಜನ ಒಂದು ಅನುಕೂಲದ ಅರ್ಥ ತೆಗೆದುಕೊಂಡರು: ಆಕರದಲ್ಲಿ ಕೊಂಡರೆ ಮಾತ್ರ ದೋಷ, ಪೇಟೆಗೆ ಬಂದುದನ್ನು ಕೊಂಡರೆ ಇಲ್ಲ. ಆಚಾರ್ಯರ ಆಶಯ ಅದಲ್ಲ. ಬೇಡಿಕೆಯು ಕೊಲೆಗೆ ಕಾರಣವಾಗಬಾರದು ಎಂಬುದು ಆಶಯ. ಇಂದು ಮುಂಗಡ ಹಣ ಕೊಡುವವರು ಯಾರು? ಹಂಗಾಮಿಗೆ ಒಂದು ವರ್ಷ ಮೊದಲೇ ಇಷ್ಟು ಸಾವಿರ ಸ್ವೆಟರು ಇಷ್ಟು ಕಡಿಮೆ ಬೆಲೆಗೆ ಬೇಕು ಎಂದು ಆರ್ಡರು ಕೊಡುವ ದೊಡ್ಡ ಅಂಗಡಿಗಳು. ಆ ಅಂಗಡಿಗಳಿಗೆ ಧೈರ್ಯ ಕೊಡುವವರು ಯಾರು? ಕಡಿಮೆ ಬೆಲೆಗೆ ಕಾದು ಕುಳಿತ ನಾವು. ಕೃತ, ಕಾರಿತ, ಅನುಮೋದನ ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ ಎಂದು ಬಾಯಿಪಾಠ ಮಾಡಿದವರು ನಾವೇ ಅಲ್ಲವೆ?

ಕೇಳದೆ ಇದ್ದರೆ ಏನಾಗುತ್ತದೆಂಬುದಕ್ಕೆ ಶಹತೂಷ್ ಶಾಲಿನ ಇತಿಹಾಸವೇ ಸಾಕ್ಷಿ. ಉಂಗುರದೊಳಗೆ ತೂರುವಷ್ಟು ನಯವಾದ ಆ ಶಾಲಿನ ಕೂದಲು ಟಿಬೆಟ್ಟಿನ ಚಿರು ಎಂಬ ಕಾಡುಜಿಂಕೆಯದು. ಆ ಪ್ರಾಣಿಗಳು ಪೊದೆಗಳಿಗೆ ಮೈಯುಜ್ಜಿದಾಗ ಉದುರಿದ ಕೂದಲನ್ನು ಹಳ್ಳಿಯವರು ಆಯ್ದು ತರುತ್ತಾರೆ ಎಂದು ವರ್ತಕರು ದಶಕಗಟ್ಟಲೆ ಹೇಳಿದರು. ಕೊಳ್ಳುವವರು ನಂಬಿದರು, ನಂಬಲು ಹಿತವಾಗಿತ್ತು. 1980ರ ದಶಕದ ಕೊನೆಯಿಂದ ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ ಅಧ್ಯಯನ ನಡೆಸಿದ ಜಾರ್ಜ್ ಶಾಲರ್ ಮೊದಲಾದವರು ನಿಜವನ್ನು ಹೊರಗೆಡವಿದರು. ಚಿರುವನ್ನು ಗುಂಡಿಟ್ಟು ಕೊಂದು ಚರ್ಮದಿಂದ ಕೂದಲು ಕೀಳುತ್ತಿದ್ದರು. ಒಂದು ಶಾಲಿಗೆ ಮೂರರಿಂದ ಐದು ಪ್ರಾಣಿಗಳ ಬಲಿ. ಅಂತರರಾಷ್ಟ್ರೀಯ ಒಪ್ಪಂದವು 1979ರಿಂದಲೇ ಇದರ ವ್ಯಾಪಾರವನ್ನು ನಿಷೇಧಿಸಿದ್ದರೂ ಜಮ್ಮು ಮತ್ತು ಕಾಶ್ಮೀರದ ಕಾನೂನು ಅದಕ್ಕೆ ಹೊಂದಿಕೊಂಡದ್ದು 2002ರಲ್ಲಿ. ಕಟ್ಟುಕಥೆಯೊಂದು ಎಷ್ಟು ಕಾಲ ಎಷ್ಟು ಪ್ರಾಣಗಳನ್ನು ತೆಗೆಯಬಲ್ಲುದು ನೋಡಿರಿ!

'ಉದುರಿದ ಕೂದಲು' ಎಂಬ ಆ ಕಥೆ ನಮ್ಮನ್ನು ವಿಶೇಷವಾಗಿ ನಾಚಿಸಬೇಕು. ಏಕೆಂದರೆ ಉದುರಿದ್ದನ್ನು ಮಾತ್ರ ಸ್ವೀಕರಿಸುವ ನಿಜವಾದ ಮಾದರಿ ನಮ್ಮ ಮುನಿಗಳ ಕೈಯಲ್ಲಿಯೇ ಇದೆ. ದಿಗಂಬರ ಮುನಿಗಳ ಪಿಂಛಿಯು ನವಿಲು ತಾನಾಗಿ ಉದುರಿಸಿದ ಗರಿಗಳದಾಗಿರಬೇಕು. ಶ್ವೇತಾಂಬರ ಪರಂಪರೆಯಲ್ಲಿ ರಜೋಹರಣವು ಉಣ್ಣೆಯ ಎಳೆಗಳಿಂದ ಆದುದು. ಆಚಾರಾಂಗ ಸೂತ್ರವು ಸಾಧುಗಳು ಸ್ವೀಕರಿಸಬಹುದಾದ ವಸ್ತ್ರಗಳಲ್ಲಿ ಉಣ್ಣೆಯನ್ನೂ ಹೇಳುತ್ತದೆ. ಪ್ರಾಣಿಯಿಂದ ಬಂದುದೆಲ್ಲವೂ ತ್ಯಾಜ್ಯವೆಂಬ ಮಾತು ನಿಜವಾಗಿದ್ದರೆ, ಜೀವರಕ್ಷಣೆಯ ಉಪಕರಣಗಳನ್ನೇ ಅವರು ಇವುಗಳಿಂದ ಮಾಡಿಕೊಳ್ಳುತ್ತಿರಲಿಲ್ಲ. ವಸ್ತು ಹೇಗೆ ದೊರೆಯಿತು, ಎಷ್ಟು ದೊರೆಯಿತು, ಹೇಗೆ ಬಳಕೆಯಾಯಿತು ಎಂಬುದನ್ನು ಅವರು ನೋಡಿದರು.

ಆ ದೃಷ್ಟಿಯಿಂದ ಕ್ಯಾಶ್ಮೀರ್ ಉಣ್ಣೆಯನ್ನು ಪರೀಕ್ಷಿಸೋಣ. ಅಮೆರಿಕ, ಇಂಗ್ಲೆಂಡುಗಳಲ್ಲಿರುವ ಮಕ್ಕಳು ತಂದುಕೊಡುವ ಸ್ವೆಟರುಗಳ ಮೇಲೆ ಈಗ ನಮ್ಮ ಬಡಾವಣೆಯಲ್ಲಿ ಈ ಹೆಸರು ಹೆಚ್ಚಾಗಿ ಕಾಣುತ್ತಿದೆ. ಹೆಸರು ನಮ್ಮ ಕಾಶ್ಮೀರದ್ದೇ. ವಸ್ತು ಮೇಕೆಯ ಒಳತುಪ್ಪಳ. ಅದರಲ್ಲಿ ಅತ್ಯಂತ ನಯವಾದುದೇ ಪಶ್ಮಿನಾ, ಎಳೆಯ ದಪ್ಪ 12ರಿಂದ 15 ಮೈಕ್ರಾನ್. ಲಡಾಖಿನ ಚಾಂಗ್‌ಥಾಂಗ್ ಎತ್ತರದಲ್ಲಿ ಚಾಂಗ್‌ಪಾ ಜನರು ಸಾಕುವ ಮೇಕೆಗಳು ಚಳಿಗಾಲಕ್ಕೆಂದು ಬೆಳೆಸಿಕೊಂಡ ತುಪ್ಪಳವನ್ನು ಬೇಸಿಗೆಯ ಮೊದಲಲ್ಲಿ ತಾವಾಗಿಯೇ ಬಿಡತೊಡಗುತ್ತವೆ. ಆಗ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಬಾಚುವ ಕೈ ಮೃದುವಾಗಿದ್ದರೆ ಇದು ಪಿಂಛಿಯ ಮಾದರಿಗೆ ಸಾಕಷ್ಟು ಹತ್ತಿರದ್ದು. ಮುದಿಯಾದ ಮೇಕೆಯ ಗತಿಯೇನೆಂಬ ಪ್ರಶ್ನೆಗೆ ಅಲ್ಲಿಯೂ ಹಿತವಾದ ಉತ್ತರವಿಲ್ಲ, ಅದನ್ನು ಮುಚ್ಚಿಡಬಾರದು. ಕಾಶ್ಮೀರದ ಪಶ್ಮಿನಾಕ್ಕೆ 2008ರಲ್ಲಿಯೂ ಲಡಾಖಿನ ಪಶ್ಮಿನಾಕ್ಕೆ 2023ರಲ್ಲಿಯೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮೂಲವನ್ನು ಕೇಳಬೇಕೆನ್ನುವವನಿಗೆ ಇಷ್ಟಾದರೂ ಆಧಾರವುಂಟು.

ಆದರೆ ಒಂದು ಮೇಕೆ ವರ್ಷಕ್ಕೆ ಕೊಡುವ ಶುದ್ಧ ತುಪ್ಪಳ ಇನ್ನೂರು ಗ್ರಾಂಗೂ ಕಡಿಮೆ. ಒಂದು ಸ್ವೆಟರಿಗೆ ಎರಡರಿಂದ ನಾಲ್ಕು ಮೇಕೆಗಳ ಇಡೀ ವರ್ಷದ ತುಪ್ಪಳ ಬೇಕು. ಹಾಗಿದ್ದೂ ಈಗ ಪೇಟೆಯಲ್ಲಿ ಕ್ಯಾಶ್ಮೀರ್ ಸ್ವೆಟರು ಅಗ್ಗಕ್ಕೆ ಸಿಗುತ್ತಿದೆಯಲ್ಲ, ಹೇಗೆ? ಮಂಗೋಲಿಯಾದತ್ತ ನೋಡಬೇಕು. ಅಲ್ಲಿ 1990ರಲ್ಲಿ ಸುಮಾರು 50 ಲಕ್ಷ ಮೇಕೆಗಳಿದ್ದವು. 2018ರಲ್ಲಿ 2 ಕೋಟಿ 70 ಲಕ್ಷ. ಮೇಕೆ ಹುಲ್ಲನ್ನು ಬುಡದವರೆಗೂ ಮೇಯುತ್ತದೆ. ಹುಲ್ಲುಗಾವಲು ಸವೆದು ಬಯಲಾಗುತ್ತಿದೆ. ಮೇವು ಸಾಲದೆ ಬಡಕಲಾದ ಮಂದೆಗಳ ಮೇಲೆ 2009-10ರ ಭೀಕರ ಚಳಿ ಬಂದಾಗ ಆ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಯಾರೂ ಕತ್ತಿ ಹಿಡಿಯಲಿಲ್ಲ. ಚಳಿ ದೈವದ್ದಾದರೂ ಮಂದೆಯನ್ನು ಐದು ಪಟ್ಟು ಮಾಡಿದ ಬೇಡಿಕೆ ಮನುಷ್ಯನದು. ಚೀಟಿಯಲ್ಲಿ 'ನೂರಕ್ಕೆ ನೂರು ಕ್ಯಾಶ್ಮೀರ್' ಎಂದು ಸತ್ಯವನ್ನೇ ಬರೆದಿರಬಹುದು. ಆ ಬೆಲೆ ಸುಳ್ಳು.

ಚೀಟಿಗಳ ವಿಷಯದಲ್ಲಿ ಗ್ರಾಹಕರಿಗೆ ಒಂದೆರಡು ಮಾತು. 1964ರಿಂದ ಪ್ರಚಾರದಲ್ಲಿರುವ ವುಲ್‌ಮಾರ್ಕ್ ಮುದ್ರೆ ನೂಲಿನ ಶುದ್ಧಿ, ಗುಣಮಟ್ಟಗಳನ್ನು ಹೇಳುತ್ತದೆ; ಕುರಿಯ ಪಾಡನ್ನು ಹೇಳುವುದಿಲ್ಲ. 2016ರಲ್ಲಿ ಆರಂಭವಾದ ರೆಸ್ಪಾನ್ಸಿಬಲ್ ವುಲ್ ಸ್ಟ್ಯಾಂಡರ್ಡ್ ಎಂಬ ಮಾನದಂಡವು ಮ್ಯೂಲ್ಸಿಂಗ್ ಮಾಡಿದ ಉಣ್ಣೆಯನ್ನು ಒಪ್ಪುವುದಿಲ್ಲ. ಪ್ರತಿ ಚಳಿಗಾಲದಲ್ಲಿ ಟಿಬೆಟನ್ ನಿರಾಶ್ರಿತರು ನಮ್ಮ ನಗರದಲ್ಲಿ ಮಾರುವ ಸ್ವೆಟರುಗಳು ಬಹುಪಾಲು ಲೂಧಿಯಾನದ ಗಿರಣಿಗಳಲ್ಲಿ ಹೆಣೆದವು; ಅವರಲ್ಲಿ ಕೇಳಿದರೆ ಯಾವುದು ಉಣ್ಣೆ, ಯಾವುದು ಮಿಶ್ರಣವೆಂದು ಹೇಳುತ್ತಾರೆ. ಕೇಳುವುದು ಗ್ರಾಹಕನ ಧರ್ಮ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ವ್ಯಾಪಾರಿಯನ್ನು, ಎಲ್ಲ ಗೊತ್ತು ಎನ್ನುವವನಿಗಿಂತ ಹೆಚ್ಚು ನಂಬಿರಿ.

ಇಷ್ಟೆಲ್ಲ ಹೇಳಿದ ಮೇಲೆ, ಬೆಂಗಳೂರಿನವರಾದ ನಮಗೆ ಇವು ಎಷ್ಟು ಬೇಕು ಎಂಬ ಮೊದಲ ಪ್ರಶ್ನೆಗೇ ಬರಬೇಕಾಗುತ್ತದೆ. ಇಲ್ಲಿ ಪುಷ್ಯ ಮಾಸದ ಇರುಳಲ್ಲೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಲಡಾಖಿನ ಮೇಕೆ ಹಿಮಗಾಳಿಯನ್ನು ತಡೆಯಲು ಬೆಳೆಸಿದ ತುಪ್ಪಳವನ್ನು ನಾವು ವಾಯುವಿಹಾರಕ್ಕೆ ಹೊದೆಯುತ್ತಿದ್ದೇವೆ. ಮೈಗೆ ಬೇಕಾದದ್ದು ಒಬ್ಬರಿಗೆ ಒಂದು ಒಳ್ಳೆಯ ಸ್ವೆಟರು, ಮನೆಗೆ ಒಂದೆರಡು ಕಂಬಳಿ.

ಕಂಬಳಿಯೆಂದಾಗ ನಮ್ಮ ನಾಡಿನ ದಖ್ಖನಿ ಕುರಿ ನೆನಪಾಗಬೇಕು. ಚಳ್ಳಕೆರೆಯ ಕಡೆಯ ಕುರುಬರು ವರ್ಷಕ್ಕೆರಡು ಸಲ ಕತ್ತರಿಯಿಂದ ಉಣ್ಣೆ ತೆಗೆದು, ಹೆಂಗಸರು ರಾಟೆಯಲ್ಲಿ ನೂತು, ಹುಣಸೆಬೀಜದ ಸರಿ ಬಳಿದು, ಗುಂಡಿಮಗ್ಗದಲ್ಲಿ ನೇಯ್ದ ಕರಿಕಂಬಳಿ ಒಂದು ತಲೆಮಾರು ಬಾಳುತ್ತದೆ. ಬಣ್ಣ ಬೇಡ, ಕುರಿಯ ಬಣ್ಣವೇ ಅದರ ಬಣ್ಣ. ಒರಟಾದ್ದರಿಂದ ಸ್ವೆಟರಿಗೆ ಒದಗದು, ಹೊದಿಕೆಗೆ ಒದಗುತ್ತದೆ. ಅಗ್ಗದ ಕೃತಕ ರಗ್ಗುಗಳು ಬಂದ ಮೇಲೆ ಅದಕ್ಕೆ ಗಿರಾಕಿ ಕಡಿಮೆಯಾಗಿ, ಕತ್ತರಿಸಿದ ಕೂಲಿಯೂ ಹುಟ್ಟದೆ ಕುರಿಗಾಹಿಗಳು ಉಣ್ಣೆಯನ್ನು ಎಸೆಯುವಂತಾಗಿದೆ. ಅದೇ 1884ರಲ್ಲಿ ಸ್ಥಾಪನೆಯಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ, ಅಂದರೆ ಬಿನ್ನಿ ಮಿಲ್ಲು, ಇಂದು ಒಂದು ಪೇಟೆಯ ಹೆಸರಾಗಿ ಉಳಿದಿದೆ. ಈ ಕುರಿಯೂ ಮಾಂಸಕ್ಕಾಗಿಯೇ ಸಾಕಲ್ಪಡುತ್ತಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಣ್ಣೆದುರು ಕಸವಾಗುತ್ತಿರುವ ಉಣ್ಣೆಯನ್ನು ಬಿಟ್ಟು, ಹಿಂಸೆಯಿಲ್ಲವೆಂಬ ಭ್ರಮೆಯಲ್ಲಿ ಪ್ಲಾಸ್ಟಿಕ್ಕಿನ ಹೊದಿಕೆ ಕೊಳ್ಳುವುದರಿಂದ ಯಾವ ಕುರಿಯ ಜೀವವೂ ಉಳಿಯಲಿಲ್ಲ.

ಇನ್ನು ಕೊಂಡ ಮೇಲಿನ ಕರ್ತವ್ಯ. ನಮ್ಮವರು ಪೂರಾ ಮರೆತಿರುವುದು ಇದನ್ನೇ. ಕ್ಷಮಾವಣಿಯ ದಿನ ನಾನು ಆ ವೃದ್ಧ ತಾಯಿಯ ಮನೆಗೆ ಹೋದೆ. ಸಭೆಯಲ್ಲಿ ಸುಮ್ಮನಿದ್ದುದಕ್ಕೆ ಕ್ಷಮೆ ಕೇಳಿ, ಆ ಸ್ವೆಟರನ್ನು ತೋರಿಸುವಿರಾ ಎಂದೆ. ಹಳೆಯ ಮಲ್ಲಿನ ಪಂಚೆಯ ಗಂಟೊಂದನ್ನು ತಂದು ಬಿಚ್ಚಿದರು. ಬೂದುಬಣ್ಣದ ಸ್ವೆಟರು, ಮೊಣಕೈಯ ಬಳಿ ಎರಡು ಕಡೆ ರಫು ಮಾಡಿಸಿದ ಗುರುತು. ಶಿವಾಜಿನಗರದ ಒಬ್ಬ ಸಾಹೇಬರು ಮಾಡಿಕೊಟ್ಟದ್ದಂತೆ. ನಾಲ್ಕು ದಶಕಗಳ ಮೇಲಾಗಿದ್ದರೂ ಒಂದು ತೂತಿರಲಿಲ್ಲ. "ನುಸಿ ಬರಲಿಲ್ಲವೆ, ತಾಯಿ?" ಎಂದು ಕೇಳಿದೆ. "ಕೊಳೆ ಇದ್ದರೆ ತಾನೇ ನುಸಿ ಬರುವುದು" ಎಂದರು.

ಅವರು ಹೇಳಿದ ಆ ಒಂದು ಮಾತಿನಲ್ಲಿ ವಿಜ್ಞಾನವೂ ಧರ್ಮವೂ ಇದೆ. ಉಣ್ಣೆಯನ್ನು ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಅನ್ನದ ಕಲೆಗಳಿರುವ, ಕತ್ತಲಲ್ಲಿ ಮಡಿಸಿಟ್ಟು ಮರೆತ ಬಟ್ಟೆಯಲ್ಲಿ ಅದು ಬೆಳೆಯುತ್ತದೆ. ನಾವು ಮಾಡುವುದೇನು? ಕೊಳೆಯಾದ ಸ್ವೆಟರನ್ನು ಹಾಗೆಯೇ ಬೀರುವಿಗೆ ತಳ್ಳಿ ನಾಲ್ಕು ನುಸಿಗುಳಿಗೆ ಎಸೆಯುತ್ತೇವೆ. ಆ ಗುಳಿಗೆಯ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಹುಳುಗಳನ್ನು ಕೊಲ್ಲುತ್ತದೆ. ರಕ್ತದಲ್ಲಿ ಒಂದು ಬಗೆಯ ಕಿಣ್ವದ ಕೊರತೆಯಿರುವ ಎಳೆಗೂಸುಗಳಿಗೂ ಅಪಾಯಕಾರಿ. ಆರಂಭೀ ಹಿಂಸೆ ಗೃಹಸ್ಥನಿಗೆ ತಪ್ಪದು. ಆದರೆ ಹುಳು ಹುಟ್ಟುವಂತೆ ಮೊದಲು ಮಾಡಿ, ಹುಟ್ಟಿದ ಮೇಲೆ ವಿಷವಿಟ್ಟು ಕೊಲ್ಲುವುದು ಸಂಕಲ್ಪೀ ಹಿಂಸೆಯ ಗಡಿಯನ್ನು ಮುಟ್ಟುವುದಿಲ್ಲವೆ? ಕುರಿಗಾಗಿ ಕಣ್ಣೀರು ಹಾಕಿದವರ ಬೀರುವಿನಲ್ಲಿಯೇ ಪ್ರತಿವರ್ಷ ಈ ಸಂಹಾರ ನಡೆಯುತ್ತಿದೆ.

ಆ ತಾಯಿಯ ಕ್ರಮ ಸರಳವಾದುದು, ಯಾರೂ ಪಾಲಿಸಬಹುದಾದುದು. ತೊಟ್ಟ ಸ್ವೆಟರನ್ನು ಕಳಚಿದ ಕೂಡಲೇ ಮಡಿಸುವುದಿಲ್ಲ. ಗಾಳಿಗೆ ಹರವಿ ಒಂದು ದಿನ ಬಿಡುತ್ತಾರೆ. ಪ್ರತಿ ಸಲ ಒಗೆಯುವುದೂ ಇಲ್ಲ. ಮೃದುವಾದ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಒಗೆಯುವಾಗ ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು, ಅಂಟುವಾಳದ ನೊರೆ, ಉಜ್ಜುವುದಿಲ್ಲ, ಹಿಂಡುವುದಿಲ್ಲ. ಬಿಸಿನೀರಲ್ಲಿ ಉಜ್ಜಿದರೆ ಉಣ್ಣೆಯ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ನೀರನ್ನು ಒಣ ಟವೆಲಿನಲ್ಲಿ ಸುತ್ತಿ ಒತ್ತಿ ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಚಪ್ಪಟೆಯಾಗಿ ಹರವುತ್ತಾರೆ. ತಂತಿಗೆ ತೂಗುಹಾಕಿದರೆ ತನ್ನ ಭಾರಕ್ಕೇ ಜೋಲುತ್ತದೆ. ಎದ್ದ ಉಂಡೆಗಳನ್ನು ಕೀಳದೆ ಸಣ್ಣ ಬಾಚಣಿಗೆಯಿಂದ ಬಿಡಿಸುತ್ತಾರೆ. ಆಷಾಢದಲ್ಲಿ, ಚಾತುರ್ಮಾಸ ಆರಂಭವಾಗುವ ಮೊದಲು, ಚೆನ್ನಾಗಿ ಒಗೆದು ಪೂರ್ಣ ಒಣಗಿಸಿ, ಬಜೆಯ ತುಂಡು ಮತ್ತು ಒಣಗಿದ ಬೇವಿನ ಎಲೆಗಳ ಜೊತೆ ಮಲ್ಲಿನಲ್ಲಿ ಕಟ್ಟಿಡುತ್ತಾರೆ. ಮಳೆಗಾಲದಲ್ಲಿ ಬಿಸಿಲು ಕಂಡ ದಿನ ಒಮ್ಮೆ ಬಿಚ್ಚಿ, ಕೊಡವಿ, ನೋಡಿ ಮತ್ತೆ ಕಟ್ಟುತ್ತಾರೆ. ಮುನಿಗಳ ಚರ್ಯೆಯಲ್ಲಿ ಇದಕ್ಕೆ ಪ್ರತಿಲೇಖನ ಎಂದು ಹೆಸರು. ಜೀವ ಬರುವ ಮೊದಲೇ ನೋಡಿಕೊಂಡರೆ ಕೊಲ್ಲುವ ಪ್ರಸಂಗವೇ ಬರುವುದಿಲ್ಲ.

ವಾಣಿಜ್ಯ ಶಾಸ್ತ್ರ ಓದಿದವನಾದ್ದರಿಂದ ಒಂದು ಲೆಕ್ಕವನ್ನೂ ಮುಂದಿಡುತ್ತೇನೆ. ಮೂಲ ತಿಳಿದ ಒಳ್ಳೆಯ ಉಣ್ಣೆಯ ಸ್ವೆಟರಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಜತನದಿಂದ ಇಪ್ಪತ್ತು ವರ್ಷ ಬಾಳಿದರೆ ವರ್ಷಕ್ಕೆ 300 ರೂಪಾಯಿ ಸವಕಳಿ. 900 ರೂಪಾಯಿಯ ಅಕ್ರಿಲಿಕ್ ಎರಡು ವರ್ಷ ಬಾಳಿದರೆ ವರ್ಷಕ್ಕೆ 450. ಇಪ್ಪತ್ತು ವರ್ಷಗಳಲ್ಲಿ ಹತ್ತು ಸ್ವೆಟರು, 9,000 ರೂಪಾಯಿ, ಕೊನೆಗೆ ಕೊಳೆಯದ ಹತ್ತು ಸ್ವೆಟರುಗಳ ಕಸ. ಹಣದ ಲೆಕ್ಕದಲ್ಲಿಯೂ ಅಗ್ಗದ್ದೇ ದುಬಾರಿ. ಆದರೆ ಎಚ್ಚರ: ಈ ಲೆಕ್ಕ ನಿಲ್ಲುವುದು ಜತನವಿದ್ದರೆ ಮಾತ್ರ. ಉತ್ತಮ ಉಣ್ಣೆಯನ್ನು ಕೊಂಡು ಎರಡೇ ವರ್ಷದಲ್ಲಿ ನುಸಿಗೆ ಕೊಟ್ಟವನು ಕುರಿಗೂ ದ್ರೋಹ ಮಾಡಿದ, ನುಸಿಗೂ ದ್ರೋಹ ಮಾಡಿದ, ತನ್ನ ಹಣಕ್ಕೂ ದ್ರೋಹ ಮಾಡಿದ.

ಆದುದರಿಂದ ನಮ್ಮ ಯುವಕರ ಸೂಚನೆಗೆ ನನ್ನದೊಂದು ತಿದ್ದುಪಡಿಯಿದೆ. ಯಾರಿಗೆ ಉಣ್ಣೆಯನ್ನು ಪೂರ್ಣವಾಗಿ ಬಿಡುವ ಶಕ್ತಿಯಿದೆಯೋ ಅವರು ಬಿಡಲಿ, ಹತ್ತಿಯ ಮೇಲೆ ಹತ್ತಿ ತೊಟ್ಟು ಬೆಂಗಳೂರಿನ ಚಳಿ ಕಳೆಯಲಿ. ಅವರಿಗೆ ನನ್ನ ನಮಸ್ಕಾರ. ಉಳಿದವರು ಮೂರು ನಿಯಮ ತೆಗೆದುಕೊಳ್ಳಲಿ. ಮನೆಯಲ್ಲಿರುವ ಬೆಚ್ಚನೆಯ ಉಡುಪುಗಳನ್ನು ಎಣಿಸಿ ಅದಕ್ಕೆ ಮಿತಿ ಹಾಕಿಕೊಳ್ಳುವುದು. ಮೂಲವನ್ನು ಕೇಳದೆ, ಅಸಾಧ್ಯವಾದ ಬೆಲೆಗೆ ಮರುಳಾಗಿ, ಯಾವುದನ್ನೂ ಕೊಳ್ಳದಿರುವುದು. ಇರುವುದನ್ನು ಪ್ರತಿ ಆಷಾಢದಲ್ಲಿ ಒಗೆದು, ನೋಡಿ, ಹರಿದಿದ್ದರೆ ರಫು ಮಾಡಿಸಿ, ತಾನು ಬಳಸದಿದ್ದರೆ ಬಳಸುವವರಿಗೆ ಕೊಡುವುದು. ಸನ್ಮಾನಕ್ಕೆ ಅಕ್ರಿಲಿಕ್ ಶಾಲಿನ ಬದಲು ಒಂದು ಪುಸ್ತಕ ಸಾಕು.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಚೀಟಿಯನ್ನು ಓದಿ ಹೇಳುವುದಷ್ಟೇ ನಮ್ಮ ಕೆಲಸವಾಗಬಾರದು. 1998ರಲ್ಲಿ ನನ್ನನ್ನು ಕೇಳಿದ ಪ್ರಶ್ನೆಯನ್ನು ನಿಮ್ಮ ಗ್ರಾಹಕರು ಕೇಳುವ ಮೊದಲೇ ನೀವು ನಿಮ್ಮ ಸರಬರಾಜುದಾರರನ್ನು ಕೇಳಿರಿ.

ಆ ತಾಯಿ ಸ್ವೆಟರನ್ನು ಎಸೆದಿಲ್ಲ. ಈ ಚಳಿಗಾಲ ಅದನ್ನು ಅವರ ಮೊಮ್ಮಗ ತೊಡುತ್ತಿದ್ದಾನೆ. ತೋಳು ಸ್ವಲ್ಪ ಉದ್ದವಾಯಿತಂತೆ, ಮಡಿಸಿಕೊಂಡಿದ್ದಾನೆ.